ಶುಕ್ರವಾರದ ವಿಮಾನ ಮತ್ತು ಸಾವ್ಕಾರರ ಗಂಟು

ಬಳ್ಳಾರಿಗೆ ಬರುತ್ತಿದ್ದ ಆ ಪುಟ್ಟ ವಿಮಾನ ಯಾಕೆ ನಿಂತುಹೋಯಿತು ಎಂದು ಕೇಳಿದರೆ ಊರಿನ ಮಂದಿ ತಲೆಗೊಂದು ಕಾರಣ ಹೇಳುತ್ತಾರೆ. ಎಣ್ಣೆ ಹೊತ್ತಿಗೆ ಸರಿಯಾಗಿ ಬರಲಿಲ್ಲ, ನಮ್ಮ ಬಿಸಿಲಿಗೆ ಎಂಜಿನ್ ತಾಳಲಿಲ್ಲ, ನಮ್ಮೂರಿಗೆ ವಿಮಾನ ಯಾಕ ಬೇಕಿತ್ತು. ಎಲ್ಲದರಲ್ಲೂ ಅಷ್ಟಿಷ್ಟು ನಿಜವಿದೆ. ಉಳಿದ ನಿಜ ನನ್ನ ಹತ್ತಿರವಿದೆ; ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದನ್ನು ನಿಲ್ಲಿಸಿದ ಮುಠ್ಠಾಳ ನಾನು. ಸ್ಕ್ರೂ ಬಿಚ್ಚಲಿಲ್ಲ, ಟೈರಿಗೆ ಮುಳ್ಳು ಚುಚ್ಚಲಿಲ್ಲ. ಒಂದು ಬಟ್ಟೆಗಂಟನ್ನು ಸಿರುಗುಪ್ಪದ ಬಸ್ಸಿಗೆ ಹಾಕಿದೆ, ಅಷ್ಟೇ.

ಆಗ ಎಂಬತ್ತರ ದಶಕ. ನನಗೆ ಇಪ್ಪತ್ಮೂರು. ಬಿ.ಕಾಂ. ಮೂರನೇ ದಂಡಯಾತ್ರೆಗೆ ಕೈವಶವಾಗಿತ್ತು. ನನಗಿದ್ದ ವಿದ್ಯೆ ಒಂದೇ, ಅಣಕ. ಹೆಡ್‌ಮಾಸ್ತರರಿಂದ ಸೋದರತ್ತೆಯವರೆಗೆ, ಪೋಸ್ಟ್‌ಮ್ಯಾನ್‌ನಿಂದ ಅವನನ್ನು ಅಟ್ಟಿಸಿಕೊಂಡು ಬರುವ ನಾಯಿಯವರೆಗೆ ಯಾರ ದನಿ ಬೇಕಾದರೂ ನನ್ನ ಗಂಟಲಿನಿಂದ ಬರುತ್ತಿತ್ತು. ನನ್ನ ಸ್ವಂತ ದನಿ ಯಾವುದೆಂದು ಕೇಳಿದ್ದರೆ ಮಾತ್ರ ತಡವರಿಸುತ್ತಿದ್ದೆ. ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದೂ ಅದರಿಂದಲೇ. ಇಂಗ್ಲಿಷು ಬರುತ್ತಿರಲಿಲ್ಲ, ಇಂಗ್ಲಿಷು ಮಾತಾಡುವವರ ದನಿ ಬರುತ್ತಿತ್ತು. ನಮ್ಮ ಮ್ಯಾನೇಜರರಿಗೆ ಅಷ್ಟು ಸಾಕಾಯಿತು.

ಅವರು ಸರ್ಕಾರಿ ಹೈಸ್ಕೂಲಿನ ಭೂಗೋಳದ ಮಾಸ್ತರಿಕೆ ಬಿಟ್ಟು ಬಂದವರು. ಹಣೆಗೆ ಅಂಗಾರ, ಅಕ್ಷತೆ. ಕಾಲಿಗೆ ಹೊಸ ಬೂಟು. "ಇಪ್ಪತ್ತು ವರ್ಷ ನಕ್ಷಾದಾಗ ಊರು ತೋರಿಸಿದ್ದು ಸಾಕಾತಪ. ಇನ್ನ ಮ್ಯಾಲಿಂದ ತೋರಸ್ತೀನಿ" ಅನ್ನುತ್ತಿದ್ದರು. ಕಂಟೋನ್ಮೆಂಟಿನಲ್ಲಿ ಅವರ ಮನೆಯ ಮುಂದಿನ ಕೋಣೆಯೇ ನಮ್ಮ ಆಫೀಸು. ಹಿಂದಿನ ಕೋಣೆಗಳಲ್ಲಿ ಅವರ ತಾಯಿ, ಮಡಿ, ಒಗ್ಗರಣೆಯ ಘಮ.

ಹೊಸ ಕಂಪನಿ, ಒಂದೇ ವಿಮಾನ, ಹದಿನೆಂಟು ಸೀಟು. ಸೋಮವಾರ, ಬುಧವಾರ, ಶುಕ್ರವಾರ ಬೆಂಗಳೂರಿಗೆ. ಎಣ್ಣೆ ಡ್ರಮ್ಮುಗಳಲ್ಲಿ ಲಾರಿಯ ಮೇಲೆ ಬರಬೇಕು. ಒಮ್ಮೆ ಟೈರು ಬೇಕಾಗಿ ತರಿಸಿದರೆ ಅದು ಗುಂತಕಲ್ಲಿನ ಪಾರ್ಸಲ್ ಆಫೀಸಿನಲ್ಲಿ ನಾಲ್ಕು ದಿನ ಒರಗಿ ನಿಂತು ವಿಶ್ರಾಂತಿ ತೆಗೆದುಕೊಂಡಿತು. ವಿಮಾನ ಇಳಿಯುವ ಮುಂಚೆ ವಾಚ್‌ಮನ್ ಸೈಕಲ್ ಹತ್ತಿ ಮೈದಾನದ ಮೇಕೆಗಳನ್ನು ಓಡಿಸಬೇಕು. ಹತ್ತುವವನು ಒಬ್ಬನಾದರೆ ಕಳಿಸಲು ಬರುವವರು ಮೂವತ್ತು ಮಂದಿ. ಅವರಲ್ಲೊಬ್ಬರು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೇ ಸಿದ್ಧ. ಪೈಲಟ್ ಇಳಿದು ಬಂದು ಅದನ್ನು ಎತ್ತಿ, ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆ ಬಿಸಿಲಿಗೆ ಅದೂ ಸರಿಯೇ.

ಇವೆಲ್ಲ ಹೇಗೋ ದಾಟುತ್ತಿದ್ದವು. ದಾಟದೆ ಉಳಿದದ್ದು ಶುಕ್ರವಾರ. ಹೆಡ್ ಆಫೀಸಿನ ಪುಣ್ಯಾತ್ಮರು ಹೊರಡುವ ಹೊತ್ತು ಬೆಳಿಗ್ಗೆ ಹನ್ನೊಂದು ಎಂದು ಅಚ್ಚು ಹಾಕಿಸಿದ್ದರು. ಶುಕ್ರವಾರದ ಹನ್ನೊಂದು ಎಂದರೆ ಸರೀ ರಾಹುಕಾಲ. ನಮ್ಮ ಕಡೆಯವರು ಆ ಹೊತ್ತಿಗೆ ಎತ್ತಿನ ಗಾಡಿಯನ್ನೇ ಹೂಡುವುದಿಲ್ಲ, ವಿಮಾನ ಹತ್ತುತ್ತಾರೆಯೇ? ಶುಕ್ರವಾರ ಹೋಗುತ್ತಿದ್ದವನು ಪಂಜಾಬಿನ ಒಬ್ಬ ಎಂಜಿನಿಯರು, ಪಕ್ಕದ ಸೀಟಿನಲ್ಲಿ ಅವನ ಫೈಲು. ಹೊತ್ತು ಬದಲಿಸಿರಿ ಎಂದು ಮ್ಯಾನೇಜರು ಬರೆದರೆ ಹೆಡ್ ಆಫೀಸು ಉಲ್ಟಾ ಬರೆಯಿತು: ಬರುವ ತಿಂಗಳು ಶುಕ್ರವಾರ ಸೀಟು ತುಂಬದಿದ್ದರೆ ಬಳ್ಳಾರಿಗೆ ವಿಮಾನವೇ ಇಲ್ಲ. ಮ್ಯಾನೇಜರು ಆ ಕಾಗದವನ್ನು ಓದಿ ಮಡಚಿಟ್ಟರು. ಮಾಸ್ತರಿಕೆಗೆ ರಾಜೀನಾಮೆ ಕೊಟ್ಟಾಗಿತ್ತು. ಅಲ್ಲಿ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂತಾಗಿತ್ತು.

ದಾರಿ ತೋರಿಸಿದವರು ಅವರ ತಾಯಿ. ಬಾಗಿಲ ಮರೆಯಿಂದಲೇ, "ಪ್ರಸ್ಥಾನ ಇಡಸ್ರೋ" ಅಂದರು. "ಗುರುವಾರ ಒಳ್ಳೇ ಹೊತ್ತಿಗೆ ಗಂಟು ತಂದು ನಮ್ಮನ್ಯಾಗ ಇಡ್ಲಿ. ಗಂಟು ಹೊರಟ್ರ ಮನುಷ್ಯಾ ಹೊರಟಂಗ. ಮರುದಿನ ರಾಹು ಬರ್ಲಿ, ಕೇತು ಬರ್ಲಿ, ಯಾಕ ಅಂಜಬೇಕು?"

ಹಳೆಯ ಪದ್ಧತಿ ಅದು. ಪ್ರಯಾಣದ ದಿನ ಗಳಿಗೆ ಚೆನ್ನಾಗಿಲ್ಲದಿದ್ದರೆ, ಹಿಂದಿನ ದಿನವೇ ಒಂದು ಪಂಚೆ, ಹಿಡಿ ಅಕ್ಕಿ, ಅರಿಶಿನದ ಕೊಂಬು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ನಿಯಮ ಒಂದೇ: ಹೋದ ಗಂಟು ಪ್ರಯಾಣಕ್ಕೆ ಮೊದಲು ಹೊಸ್ತಿಲಿಗೆ ವಾಪಸ್ಸು ಬರಬಾರದು. ಬಂದರೆ ಅದಕ್ಕಿಂತ ಅಪಶಕುನ ಇನ್ನೊಂದಿಲ್ಲ.

ಸುದ್ದಿ ಹಬ್ಬಿತು. ಗುರುವಾರ ನಮ್ಮ ಆಫೀಸಿನ ಕಪಾಟು ಗಂಟುಗಳಿಂದ ತುಂಬಿ ಅಗಸನ ಮನೆಯಂತಾಯಿತು. ಮೊದಲ ಶುಕ್ರವಾರ ಏಳು ಜನ, ಎರಡನೆಯದಕ್ಕೆ ಹತ್ತು. ಮ್ಯಾನೇಜರ ಬೂಟು ಮತ್ತೆ ಪಾಲಿಶ್ ಕಂಡಿತು.

ಸಾವ್ಕಾರರ ವಿಷಯಕ್ಕೆ ಬರುತ್ತೇನೆ. ಸಿರುಗುಪ್ಪದಲ್ಲಿ ಅವರದು ದೊಡ್ಡ ಅಕ್ಕಿ ಗಿರಣಿ. ನನ್ನ ಅಪ್ಪ ಅಲ್ಲಿ ಹದಿನೆಂಟು ವರ್ಷದ ಗುಮಾಸ್ತ. ಮಾತು ಕಡಿಮೆ. ಮಗ ವಿಮಾನದ ಆಫೀಸಿನಲ್ಲಿದ್ದಾನೆಂದು ರಾರಾವಿಯ ನೆಂಟರಿಗೆಲ್ಲ ಹೇಳಿ ಬಂದದ್ದೇ ಆತ ಆಡಿದ ಅತಿ ಉದ್ದದ ಮಾತಿರಬೇಕು. ಕೆಲಸ ಸಿಕ್ಕ ಹೊಸತರಲ್ಲಿ ಕುರುಗೋಡಿನಲ್ಲಿ ಒಂದು ಮದುವೆ. ಕಂಪನಿಯ ಬಿಳಿ ಅಂಗಿ ಹಾಕಿಕೊಂಡೇ ಹೋಗಿದ್ದೆ. ಊಟವಾದ ಮೇಲೆ ಮಂದಿ ಎಂದಿನಂತೆ, "ಮಾಡಲೇ, ಯಾರನ್ನರ ಮಾಡು" ಅಂದರು. ಮಾಡಿದೆ. ಅದೇ ಊರಿನ ಗುಡಿಯ ಕಲ್ಲಿನ ದೊಡ್ಡ ಬಸವಣ್ಣನ ಹಾಗೆ ಕಂಬಕ್ಕೆ ಒರಗಿ ಕೂತಿದ್ದ ಸಾವ್ಕಾರರನ್ನೇ ಮಾಡಿದೆ. ಅವರು ಮಾತಿಗೆ ಮೊದಲು ಮೂರು ಸಲ ಗಂಟಲು ಕೆರೆದು, ಕಣ್ಣು ಮುಚ್ಚಿ, ಎದುರಿನವನು ಏನು ಕೇಳಿದ್ದನೆಂದು ಮರೆತ ಮೇಲೆ ಉತ್ತರ ಕೊಡುತ್ತಿದ್ದರು. ಚಪ್ಪರ ಹಾರುವಷ್ಟು ನಗು. ಸಾವ್ಕಾರರೂ ನಕ್ಕರು. ಅವರು ನಕ್ಕದ್ದನ್ನು ನಂಬಿದೆನಲ್ಲ, ನನ್ನ ಬಿ.ಕಾಂ. ಮೂರು ಸಲ ಯಾಕೆ ಬೇಕಾಯಿತೆಂದು ಅದರಿಂದಲೇ ತಿಳಿಯಬಹುದು.

ಆಮೇಲೆ ನಡೆದದ್ದನ್ನು ಅಪ್ಪ ಹೇಳಲಿಲ್ಲ. ಗಿರಣಿಯ ಹಮಾಲ ಒಬ್ಬ, ಕರೂರಿನವನು, ಬಸ್ಸಿನಲ್ಲಿ ಸಿಕ್ಕು ಹೇಳಿದ.

"ಸಾವ್ಕಾರ್ರು ಕೂಲಿಯವ್ರನ್ನೆಲ್ಲ ಅಂಗಳಕ್ಕ ಕರಸಿದ್ರು. ನಿಮ್ಮಪ್ಪನ್ನ ನಡುವ ನಿಂದ್ರಿಸಿ, 'ನಿನ್ನ ಮಗ ನನ್ನಂಗ ಮಾಡ್ತಾನಂತ. ನೀನೂ ಮಾಡು, ನೋಡೂಣು' ಅಂದ್ರು."

"ಅಪ್ಪ ಏನು ಮಾಡಿದ?"

"ಮಾಡಿದ. ಗಂಟ್ಲ ಕೆರದ, ಕಣ್ಣು ಮುಚ್ಚಿದ. 'ಇನ್ನೊಮ್ಮೆ' ಅಂದ್ರು, ಇನ್ನೊಮ್ಮೆ ಮಾಡಿದ. ಯಾರೂ ನಗಲಿಲ್ಲಪ. ಹೆಂಗ ನಗೂದು?"

ಆ ದಿನ ಬಸ್ಸಿನಲ್ಲಿ ಕೂತು ನಾನು ಹಲ್ಲು ಕಚ್ಚಿದ್ದು ಬಳ್ಳಾರಿ ಬಂದರೂ ಬಿಟ್ಟಿರಲಿಲ್ಲ. ಆ ಮನುಷ್ಯ ನನ್ನ ಕೈಗೆ ಸಿಗಲಿ ಎಂದು ಕಾಣದ ದೇವರಿಗೆಲ್ಲ ಹರಕೆ ಹೊತ್ತೆ. ರಾತ್ರಿ ಬೆಳಗಾದರೆ ಅದೇ ಧ್ಯಾನ. ಇಂದಿಗೂ ಆ ಅಂಗಳ ನೆನೆದರೆ ಕೈ ಮುಷ್ಟಿಯಾಗುತ್ತದೆ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾದೀತು.

ದೇವರು ಬೇಗನೆ ಕೊಟ್ಟ. ತಿಂಗಳ ಕೊನೆಯ ಶುಕ್ರವಾರಕ್ಕೆ ಸಾವ್ಕಾರರೂ ಅವರ ಹಿಂದೆ ಬೇರೆ ಗಿರಣಿಗಳ ಹನ್ನೊಂದು ಜನ ಮಾಲೀಕರೂ ಸೀಟು ಬರೆಸಿದರು. ಗಿರಣಿಗಳು ಸರ್ಕಾರಕ್ಕೆ ಕೊಡಬೇಕಾದ ಲೆವಿ ಅಕ್ಕಿಯ ವಿಷಯಕ್ಕೆ ಶನಿವಾರ ಬೆಂಗಳೂರಿನಲ್ಲಿ ಅಧಿಕಾರಿಯನ್ನು ಕಾಣಬೇಕಿತ್ತು. ಉಳಿದವರನ್ನೂ ಸೇರಿಸಿದರೆ ಮೊದಲ ಸಲ ಹದಿನೆಂಟೂ ಸೀಟು ಭರ್ತಿ. "ಈ ಶುಕ್ರವಾರ ಒಂದು ದಾಟಿದ್ರ ನಾವು ಉಳದಂಗ" ಎಂದು ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಗುರುವಾರ ಬೆಳಿಗ್ಗೆ ಹನ್ನೆರಡು ಗಂಟುಗಳೂ ಬಂದವು. ಸಾವ್ಕಾರರದು ರೇಷ್ಮೆ ಅಂಚಿನದು.

ಮಧ್ಯಾಹ್ನ ಮ್ಯಾನೇಜರು ಊಟಕ್ಕೆ ಒಳಗೆ ಹೋದರು. ನಾನು ಸಾವ್ಕಾರರ ಗಂಟು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಸಿರುಗುಪ್ಪದ ಕಂಡಕ್ಟರನ ಕೈಗಿಟ್ಟೆ. "ಸಾವ್ಕಾರ್ರ ಮನಿ ಹೊಸ್ತಿಲ ಮ್ಯಾಲೇ ಇಡಬೇಕಪ, ಮತ್ತೆಲ್ಲೂ ಬ್ಯಾಡ" ಅಂದೆ. ತಿರುಗಿ ಬಂದು ಸಿರುಗುಪ್ಪಕ್ಕೆ ಟ್ರಂಕ್ ಕಾಲ್ ಹಾಕಿಸಿದೆ. ಮ್ಯಾನೇಜರ ದನಿ ನನಗೆ ಬಾಯಿಪಾಠ.

"ಸಾವ್ಕಾರ್ರ, ನಮಸ್ಕಾರ. ಕಪಾಟಿನ್ಯಾಗ ಜಾಗ ಸಾಲವಲ್ದು ನೋಡ್ರಿ. ನಿಮ್ಮದು ಬಸ್ಸಿಗೆ ಹಾಕೇನ್ರಿ."

ಆ ಕಡೆ ಗಂಟಲು ಕೆರೆದದ್ದು ಒಂದು ಸಲ ಮಾತ್ರ ಕೇಳಿಸಿತು. ಎರಡನೆಯದಕ್ಕೆ ಮೊದಲೇ ಫೋನು ಇಟ್ಟೆ. ಜೀವಮಾನದಲ್ಲಿ ಅಷ್ಟು ರುಚಿಯಾದ ಊಟ ಮಾಡಿದ್ದಿಲ್ಲ. ಅಂದು ಬರೀ ಮಂಡಕ್ಕಿ ತಿಂದಿದ್ದೆ.

ಶುಕ್ರವಾರ ಸಾವ್ಕಾರರು ಬರಲಿಲ್ಲ. ಮುಂದಾಳುವಿನ ಗಂಟೇ ಮನೆಗೆ ಬಂದ ಮೇಲೆ ಹಿಂದಿನವರು ಹತ್ತುತ್ತಾರೆಯೇ? ಹನ್ನೊಂದು ಜನರೂ ಆಳುಗಳನ್ನು ಕಳಿಸಿ ತಮ್ಮ ಗಂಟುಗಳನ್ನು ಒಯ್ದರು. ಅದನ್ನು ನೋಡಿ ಬಳ್ಳಾರಿಯ ಐದು ಮಂದಿಯೂ ತಮ್ಮ ತಮ್ಮ ಗಂಟು ಎತ್ತಿಕೊಂಡರು. ಪಂಜಾಬಿನ ಎಂಜಿನಿಯರು ಫೈಲಿನ ಸಮೇತ ಹೋದ. ಮುಂದಿನ ವಾರ ತಂತಿ ಬಂತು, ಬಳ್ಳಾರಿ ಬಂದ್.

ಸಾವ್ಕಾರರ ಕಡೆಯವರು, ನೀವೇ ಫೋನ್ ಮಾಡಿ ಹೇಳಿದಿರಲ್ಲ ಎಂದು ಮ್ಯಾನೇಜರಿಗೆ ಹೇಳಿದಾಗ ಅವರು ನನ್ನ ಕಡೆ ತಿರುಗಿದರು. ಭೂಗೋಳದ ಮಾಸ್ತರರಿಗೆ ದಾರಿ ಹುಡುಕಲು ಎಷ್ಟು ಹೊತ್ತು?

"ನನ್ನ ದನೀಲೆ ನನ್ನ ಕೆಲಸ ಕಳದ್ಯಲ್ಲೋ" ಅಂದರು. ಬೈಯಲಿಲ್ಲ. ಆಮೇಲೆ ಯಾವುದೋ ಟ್ಯುಟೋರಿಯಲ್ಲಿನಲ್ಲಿ ಮತ್ತೆ ನಕ್ಷೆ ತೂಗುಹಾಕಿದರೆಂದು ಕೇಳಿದೆ. ನೋಡಲು ಹೋಗುವ ಮುಖ ನನಗಿರಲಿಲ್ಲ. ಅಪ್ಪ ಗಿರಣಿಗೆ ಹೋಗುವುದನ್ನು ಬಿಡಲಿಲ್ಲ. ಮೊದಲೆಲ್ಲ ಮನೆಗೆ ಹೋದಾಗ "ವಿಮಾನ ಬಂದಿತ್ತೇನು?" ಎಂದು ಕೇಳುತ್ತಿದ್ದವನು ಆ ಪ್ರಶ್ನೆಯೊಂದನ್ನು ನಿಲ್ಲಿಸಿದ.

ನಾನು ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿಗೆ ಮಂದಿ ಕೂಗುವ ಏಜೆಂಟನಾದೆ. ಆದರೂ ಎದೆಯೊಳಗೆ ಒಂದು ತುರಿಕೆ. ಯಾರು ಮಾಡಿದ್ದೆಂದು ಗೊತ್ತಾಗದ ಸೇಡು ಎಂಥ ಸೇಡು? ಸಾವ್ಕಾರರು ಇನ್ನೂ ಪಾಪದ ಮ್ಯಾನೇಜರನ್ನೇ ಬೈಯುತ್ತಿರಬಹುದು. ಆ ಬೈಗುಳ ನನಗೆ ಸಲ್ಲಬೇಕಾದದ್ದು. ಒಂದು ದಿನ ಅವರ ಕಾರು ಸ್ಟ್ಯಾಂಡಿನ ಮುಂದೆ ಪಂಕ್ಚರಾಗಿ ನಿಂತಿತು. ಅವರು ಇಳಿದು ಬೇವಿನ ನೆರಳಿನಲ್ಲಿ ನಿಂತಿದ್ದರು. ನಾನು ನೇರ ಹೋಗಿ ಎದುರಿಗೆ ನಿಂತೆ. ಅಣಕವಿಲ್ಲ, ನನ್ನದೇ ದನಿ.

"ಸಾವ್ಕಾರ್ರ, ಅವತ್ತ ನಿಮ್ಮ ಗಂಟು ಕಳಿಸಿದವ ಮ್ಯಾನೇಜರ್ ಅಲ್ರಿ, ನಾನು. ಫೋನ್ ಮಾಡಿದವನೂ ನಾನ. ನಮ್ಮಪ್ಪನ್ನ ಅಂಗಳದಾಗ ನಿಂದ್ರಿಸಿದ್ರಲ್ಲ, ಅದಕ್ಕ. ನಿಮಗ ವಿಮಾನ ತಪ್ಪಿಸಿದೆ."

ಅವರು ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದರು. ನನ್ನ ಹಿಂದೆ ನಿಂತಿದ್ದ ಬಸ್ಸನ್ನೂ ನೋಡಿದರು.

"ನಾ ಅವತ್ತ ಸಂಜಿ ರೈಲಿಗೆ ಹೋದ್ನಪ, ಕೆಲಸಾನೂ ಆತು. ನೀ ಎಲ್ಲಿಗೆ ಹೋದಿ?"