ಹಿಮ್ಮಡಿ ಉಜ್ಜುವ ಕಲ್ಲು

“ಆಂಟಿ, ದಯವಿಟ್ಟು ಅದನ್ನು ಕೆಳಗಿಡಿ. ಅದು ನಮ್ಮ ಮೂಲಪುರುಷನ ಹಲ್ಲು.”

ಗೈಡ್ ಹೆಂಗಸು ಇಂಗ್ಲಿಷಿನಲ್ಲಿ ಹಾಗೆಂದದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮನ ಕೈಯಲ್ಲಿದ್ದದ್ದು ತೂತುತೂತಾದ ಕರಿಕಲ್ಲು. ಹಿಮ್ಮಡಿ ಉಜ್ಜಲು ಹೇಳಿ ಮಾಡಿಸಿದಂತಿದೆ ಎಂದು ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕುವುದರಲ್ಲಿದ್ದಳು.

ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಅರ್ಧ ದಿನದ ದಾರಿ ಆ ಬೆಟ್ಟ. ಎಂದೋ ಆರಿಹೋದ ಜ್ವಾಲಾಮುಖಿ. ಹಳೆಯ ಮ್ಯಾಪಿನಲ್ಲಿ ಇಂಗ್ಲಿಷ್ ಹೆಸರಿದೆ. ಅಲ್ಲಿನ ಮೂಲನಿವಾಸಿ ಗುಂಡಿಚ್‌ಮಾರಾ ಜನರಿಗೆ ಅದು ಬಜ್ ಬಿಮ್, ಎಂದರೆ ಎತ್ತರದ ತಲೆ. ಬೆಟ್ಟ ಮೂಲಪುರುಷನ ಹಣೆ, ಹರಿದು ಗಟ್ಟಿಯಾದ ಲಾವಾ ಅವನ ಹಲ್ಲು. ಶಾಲೆಯಲ್ಲಿ ಜ್ವಾಲಾಮುಖಿಯ ಚಿತ್ರ ಬರೆದು ಅದರ ಬಾಯಿಗೆ ಬಾಣದ ಗುರುತು ಹಾಕಿದವಳು ನಾನು. ಬಾಯಿದ್ದ ಮೇಲೆ ಹಲ್ಲೂ ಇರಬಹುದೆಂದು ಹೊಳೆದಿರಲಿಲ್ಲ.

ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತಿದವಳು ಅಮ್ಮ. ಕಲ್ಲನ್ನು ಇದ್ದಲ್ಲೇ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಅಯ್ಯೋ, ದೇವರ ಹಲ್ಲಲ್ಲಿ ಕಾಲು ಉಜ್ಜೋಕೆ ಹೊರಟಿದ್ನಲ್ಲೇ! ಅಲ್ಲಾ, ನಿನ್ ಮನೆ ಫೌಂಡೇಶನ್‌ಗೆ ಅಗೆದಾಗ ಬಂತು ಅಂದ್ಯಲ್ಲ, ಅದೂ ಇಂಥದೇ ಕಲ್ಲಲ್ವಾ? ಕೇಳು ಆಕೇನ.”

ಕೇಳಿದೆ. ನಮ್ಮ ಹೊಸ ಮನೆ ಇರುವ ವಿಂಡಮ್ ವೇಲ್‌ನ ನೆಲವೂ ಲಾವಾ ಹರಿದದ್ದೇ ಎಂದಳು ಆಕೆ. ಆದರೆ ಅದು ಬೇರೆ ಬೆಟ್ಟದ್ದು, ಬೇರೆ ಜನರ ನೆಲ. ಅವರ ಕಥೆಯನ್ನು ಅವರನ್ನೇ ಕೇಳಬೇಕು.

ನಾನೋ, ಅಗೆದಾಗ ಬಂದ ಆ ಕಲ್ಲುಗಳಿಗೆ ಹಿಡಿಶಾಪ ಹಾಕುತ್ತ ಕಸದ ಲಾರಿಗೆ ತುಂಬಿಸಿ ಕಳಿಸಿದ್ದೆ.

“ಮನೆ ಕಟ್ಟೋವಾಗ ಕೇಳಿದ್ರೇನೇ?” ಅಮ್ಮ ಕಾರಿನಲ್ಲಿ ಕೇಳಿದಳು.

“ಕೌನ್ಸಿಲ್ ಪರ್ಮಿಷನ್ ತಗೊಂಡಿದೀವಮ್ಮ.”

“ಆ ನೆಲದ ಜನರನ್ನ ಕೇಳ್ಲಿಲ್ಲ ತಾನೆ?”

ಶುಕ್ರವಾರ ಗೃಹಪ್ರವೇಶ. ಹಾಲು ಉಕ್ಕಿಸಲೆಂದೇ ಅಮ್ಮ ಮೈಸೂರಿನಿಂದ ಬಂದವಳು. ಈಗ, “ಆ ಹೊಸ್ತಿಲು ನಾನು ದಾಟಲ್ಲ” ಎಂದುಬಿಟ್ಟಳು. ನನಗೆ ಅಳುವೇ ಬಂತು. ಬಾಡಿಗೆ ಮನೆಗಳಲ್ಲಿ ವರ್ಷಗಟ್ಟಲೆ ಕಾದದ್ದು ಅವಳು ನನ್ನ ಸ್ವಂತ ಮನೆಯ ಒಲೆ ಹಚ್ಚಲಿ ಎಂದೇ.

ಆದರೂ ಶುಕ್ರವಾರ ಬೆಳಿಗ್ಗೆ, “ಮೊದಲು ಕ್ಷಮೆ ಕೇಳೋಣ” ಎಂದು ಬಂದಳು. ದಿನವೂ ಎದ್ದೊಡನೆ ನೆಲ ಮುಟ್ಟಿ, ತುಳಿಯುತ್ತಿದ್ದೇನೆ ಕ್ಷಮಿಸು ಎಂದು ಕೇಳಿಯೇ ಕಾಲಿಡುವವಳು ಅವಳು. ಅಂದು ಹೊರಗೆ ಮಣ್ಣಿನಲ್ಲಿ ಉಳಿದಿದ್ದ ಒಂದು ಕರಿಕಲ್ಲಿನ ಮುಂದೆ ಚಪ್ಪಲಿ ಬಿಟ್ಟು ಬಗ್ಗಿದಳು. ಕುಂಕುಮ ಹಚ್ಚಲಿಲ್ಲ. ಅವರ ಪದ್ಧತಿ ನಮಗೇನು ಗೊತ್ತು ಎಂದಳು.

“ಗೊತ್ತಿಲ್ದೆ ಬಂದುಬಿಟ್ಟಿದೀವಪ್ಪ, ಮಕ್ಕಳು ಅಂತ ಕ್ಷಮಿಸು. ನೀನೂ ಕೇಳೇ.”

ಬಗ್ಗಿದೆ. ಯಾವ ಭಾಷೆಯಲ್ಲಿ ಕೇಳುವುದೆಂದು ತಿಳಿಯಲಿಲ್ಲ. ಆಮೇಲೆ ಇಬ್ಬರೂ ಬಲಗಾಲಿಟ್ಟು ಒಳಗೆ ಹೋದೆವು, ಹಾಲು ಉಕ್ಕಿತು.

ಮನೆ ನನ್ನದು ಎಂದು ಇವತ್ತಿಗೂ ಹೇಳುತ್ತೇನೆ. ನೆಲ ನನ್ನದು ಎನ್ನಲು ಮಾತ್ರ ಬಾಯಿ ಬರುವುದಿಲ್ಲ.