ಡಾಕ್ಟರಿಗೆ ಹೇಳದ ಔಷಧ

ಕಾಗವಾಡದ ಗಡಿ ಚೆಕ್‌ಪೋಸ್ಟ್ ಕಣ್ಣಿಗೆ ಕಾಣುತ್ತಿತ್ತು. ಹಿಂದಿನ ಸೀಟಿನಿಂದ ಮಾಮಿ ಬಗ್ಗಿ ನನ್ನ ಕಿವಿಯ ಹತ್ತಿರ ಬಂದಳು.

‘ಯವ್ವಾ, ಗಾಡಿ ಸಾವಕಾಶ ಹೊಡಿ. ಡಬ್ಬ್ಯಾಗ ಗಾಂಜಾ ಐತಿ.’

ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

ಮಾಮಿ ಅಂದರೆ ನನ್ನ ಸೋದರಮಾವನ ಹೆಂಡತಿ, ಅಕ್ಕಾತಾಯಿ. ಐನಾಪುರದಲ್ಲಿ ಕಬ್ಬು, ದ್ರಾಕ್ಷಿ ತೋಟ ಇರುವ ಮನೆ. (ಹೆಸರು ಬದಲಿಸಿದ್ದೇನೆ. ಆ ಷರತ್ತಿನ ಮೇಲೆಯೇ ಅವಳು ಇದನ್ನು ಬರೆಯಲು ಬಿಟ್ಟದ್ದು.) ಅರವತ್ತು ದಾಟಿದವಳು. ಒಂದೂ ಸಂಕಷ್ಟಿ ತಪ್ಪಿಸಿದವಳಲ್ಲ. ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಕಂಡವಳಲ್ಲ. ಅಂಥವಳ ಸ್ಟೀಲ್ ಡಬ್ಬಿಯಲ್ಲಿ, ರೊಟ್ಟಿಯ ಕೆಳಗೆ, ಗಾಂಜಾ!

ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವನು ಕಲ್ಲಪ್ಪ ಮಾಮಾ. ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನೆಲುಬಿಗೂ ಇಳಿದಿದೆ. ಮಿರಜಿನಲ್ಲಿ ಬೇರೆ ಡಾಕ್ಟರಿಗೆ ತೋರಿಸೋಣ ಅಂತ ನಾನು ಚಿಕ್ಕೋಡಿಯಿಂದ ಕಾರು ತಂದಿದ್ದೆ.

ಏನು ಮಾಡಲಿ? ಚೆಕ್‌ಪೋಸ್ಟ್ ಎದುರಿಗೇ ಕಾರು ಹಿಂದಕ್ಕೆ ಹೊಳ್ಳಿಸಿದರೆ ಅನುಮಾನ ಬರುವುದು ಗ್ಯಾರಂಟಿ. ಡಬ್ಬಿ ಎಸೆಯೋಣವೆಂದರೆ ಬೆನ್ನಿಗೇ ಕಬ್ಬಿನ ಟ್ರ್ಯಾಕ್ಟರ್. ಅಷ್ಟರಲ್ಲಿ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದಾಗಿತ್ತು.

‘ಎಲ್ಲಿಗ್ರಿ?’

‘ಮಿರಜಿಗ್ರಿ. ದವಾಖಾನಿಗೆ.’

‘ಡಿಕ್ಕಿ ತಗೀರಿ.’

ಇಳಿದು ತೆಗೆದೆ. ಡಿಕ್ಕಿಯಲ್ಲಿ ಸ್ಟೆಪ್ನಿ, ಒಂದು ಕೌದಿ, ಅಷ್ಟೇ. ಅವನು ಹಿಂದಿನ ಬಾಗಿಲಿಗೆ ಬಂದ. ಮಾಮಿ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು.

‘ಡಬ್ಬ್ಯಾಗ ಏನೈತಿ ಆಯೀ?’

‘ರೊಟ್ಟಿ ಅದಾವೋ ಯಪ್ಪಾ.’

ಅವನು ಬಾಗಿಲು ತೆರೆದ. ಕಾರು ಸ್ವಲ್ಪ ಅಲುಗಾಡಿತು, ಅಷ್ಟಕ್ಕೇ ಮಾಮಾ ಚೀರಿದ. ಜೋರಾದ ಚೀರಲ್ಲ ಅದು. ಹಲ್ಲು ಕಚ್ಚಿದರೂ ಸಂದಿಯಿಂದ ಹೊರಬಿದ್ದದ್ದು. ಕಾನ್‌ಸ್ಟೇಬಲ್ ಬಾಗಿಲನ್ನು ಮೆಲ್ಲಗೆ ಮುಚ್ಚಿ, ‘ಹೋಗ್ರಿ, ಲಗೂನ ಹೋಗ್ರಿ’ ಅಂದ.

ಗಡಿಯಾಚೆಯ ಮ್ಹೈಸಾಳ ದಾಟಿದೆವು. ಆಮೇಲೆ ಬೈದೆ. ಚೆನ್ನಾಗಿಯೇ ಬೈದೆ. ಜೈಲು, ಪೇಪರ್, ಮನೆತನದ ಮರ್ಯಾದೆ, ಎಲ್ಲ ಹೇಳಿದೆ. ಮಾಮಾನ ಕಣ್ಣು ಮುಚ್ಚಿರುವುದನ್ನು ನೋಡಿಕೊಂಡು ಮಾಮಿ ತಗ್ಗಿದ ದನಿಯಲ್ಲಿ ಅಂದಳು.

‘ನಾಕು ತಿಂಗಳಾತು, ಈ ಮನಷ್ಯಾ ನಿದ್ದಿ ಮಾಡಿರಲಿಲ್ಲ. ಮೊದಲಿನ ದವಾಖಾನ್ಯಾಗ ಕೇಳಿದ್ರ, ಕ್ಯಾನ್ಸರ್ ಅಂದ್ರ ನೋವು ಇರೂದ, ತಡಕೋರಿ ಅಂದ್ರು. ನಾ ತಡಕೋಬಹುದವ್ವಾ. ನೋವು ನಂದಲ್ಲಲ್ಲ?’

ಯಾರೋ ಫೋನಿನಲ್ಲಿ ವಿಡಿಯೋ ತೋರಿಸಿದರಂತೆ. ಇನ್ಯಾರೋ ತಂದುಕೊಟ್ಟರಂತೆ. (ಯಾರು ಅಂತ ನನಗೂ ಹೇಳಿಲ್ಲ.) ಅದನ್ನು ಬೆಲ್ಲದಲ್ಲಿ ಕಲಸಿ ಉಂಡಿ ಮಾಡಿ, ‘ಆಯುರ್ವೇದದ ಔಷಧ’ ಅಂತ ಮಾಮಾನಿಗೆ ತಿನ್ನಿಸಿದ್ದಳು. ಮೊದಲ ವಾರ ಪವಾಡವೇ. ಎದ್ದು ಕೂತ, ಜೋಳದ ನುಚ್ಚು ಉಂಡ, ದ್ರಾಕ್ಷಿಯ ಚಾಟ್ನಿ ಯಾವಾಗ ಮಾಡಸ್ತಿ, ಬಳ್ಳಿ ಕತ್ತರಸೂದು ತಡ ಆತಲ್ಲ ಅಂತ ಕೇಳಿದ. ಮಾಮಿ ದೇವರಿಗೆ ಕಾಯಿ ಒಡೆದಳು. ಎರಡನೇ ವಾರ ಅವನು ಹೆಂಡತಿಯನ್ನು ‘ಅವ್ವಾ’ ಅಂತ ಕರೆಯತೊಡಗಿದ. ಗೋಡೆಯ ಮೇಲೆ ಯಾರೋ ನಡೆದಾಡುತ್ತಾರೆ ಅಂದ. ಬಚ್ಚಲಲ್ಲಿ ಜಾರಿ ಬಿದ್ದ. ಆಗ ಹೆದರಿ ನನಗೆ ಫೋನ್ ಮಾಡಿದ್ದಳು. ಬಿದ್ದದ್ದು ಹೇಳಿದಳು. ಉಂಡಿಯ ಮಾತು ಹೇಳಲಿಲ್ಲ.

ಮಿರಜಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮರಾಠಿ ಬೆರೆತ ಕನ್ನಡ. ಫೈಲು ನೋಡಿದರು, ಮಾಮಾನ ಕಣ್ಣಿಗೆ ಟಾರ್ಚ್ ಬಿಟ್ಟರು.

‘ಭ್ರಮೆ ಆಗ್ತಾವ ಅಂತೀರಿ. ರೋಗ ತಲಿಗೆ ಏರೇತೇನೋ, ಸ್ಕ್ಯಾನ್ ಮಾಡಬೇಕು. ನೋವಿಗೆ ಮಾರ್ಫಿನ್ ಶುರು ಮಾಡೂಣು. ಬ್ಯಾರೆ ಏನರ ಔಷಧ ಕೊಡಾಕತ್ತೀರೇನು?’

ಮಾಮಿ ಮೇಜಿನ ಕೆಳಗೆ ನನ್ನ ಕೈಯನ್ನು ಅದುಮಿ ಹಿಡಿದಳು. ಅವಳ ಉಗುರಿನ ಗುರುತು ಇನ್ನೂ ಇದೆ.

‘ಇಲ್ರಿ’ ಅಂದಳು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಏನು ಮಾಡಿದೆ ಗೊತ್ತೇ? ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಸತ್ಯ, ಧೈರ್ಯ ಅಂತ ಪಾಠ ಹೇಳುವ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ! ಹೇಳಿದರೆ ಪೊಲೀಸರಿಗೆ ಫೋನ್ ಹೋಗುತ್ತದಾ? ಹೇಳದಿದ್ದರೆ ಗಾಂಜಾ, ಮಾರ್ಫಿನ್ ಎರಡೂ ಸೇರಿ ಮಾಮಾನಿಗೆ ಏನಾದರೂ ಆದರೆ? ಡಾಕ್ಟರು ಬರೆಯತೊಡಗಿದರು. ಪೆನ್ನು ಕಾಗದದ ಮೇಲೆ ಓಡುವುದು ಕೇಳಿಸುತ್ತಿತ್ತು.

ಸ್ಟ್ರೆಚರ್ ಮೇಲಿಂದ ಮಾಮಾ ಮಾತಾಡಿದ.

‘ನಾ ಗಾಂಜಾ ತಿಂತೀನ್ರಿ. ಆಕಿ ಕೊಡ್ತಾಳ. ಔಷಧ ಅಂತ ಸುಳ್ಳ ಹೇಳ್ತಾಳ, ನನಗ ಮೊದಲನೇ ದಿನಾನ ಗೊತ್ತಾಗೇತಿ. ಬರಕೋರಿ. ಆಕಿಗೆ ಮಾತ್ರ ಏನೂ ಮಾಡಬ್ಯಾಡ್ರಿ.’

ಮಾಮಿ ಸೆರಗು ಬಾಯಿಗೆ ಹಿಡಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

‘ಘಾಬರೂ ನಕಾ, ಹೆದರಬ್ಯಾಡ್ರಿ ಆಯೀ. ನಾ ಡಾಕ್ಟರು, ಪೊಲೀಸ್ ಫೌಜದಾರ ಅಲ್ಲ. ದಿನಕ್ಕ ಎಷ್ಟು ಉಂಡಿ?’

ಮಾಮಿ ಡಬ್ಬಿಯನ್ನೇ ಮುಂದಿಟ್ಟಳು.

ಡಾಕ್ಟರು ತಿಳಿಸಿ ಹೇಳಿದರು. ಬೈಯಲಿಲ್ಲ. ಈ ಗಿಡದಿಂದ ಕೆಲವರಿಗೆ ನೋವು, ವಾಂತಿ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವ ವಿಡಿಯೋ ನಂಬಬೇಡಿ. ಕೆಲವು ದೇಶಗಳಲ್ಲಿ ಅಳತೆ ಮಾಡಿ ಕೊಡುತ್ತಾರೆ. ನಮ್ಮಲ್ಲೂ ಎಲೆಯಿಂದ ಮಾಡಿದ ಎಣ್ಣೆಯನ್ನು ಆಯುರ್ವೇದ ವೈದ್ಯರು ಚೀಟಿ ಬರೆದು ಕೊಡುವುದುಂಟು. ಆದರೆ ಈ ಉಂಡಿಯಲ್ಲಿ ಎಷ್ಟಿದೆ? ಒಂದರಲ್ಲಿ ಚಿಟಿಕೆ, ಇನ್ನೊಂದರಲ್ಲಿ ಮುಷ್ಟಿ. ಇದರ ಮೇಲೆ ಮಾರ್ಫಿನ್ ಬಿದ್ದಿದ್ದರೆ ಎಚ್ಚರ ತಪ್ಪಬಹುದಿತ್ತು.

ಡಬ್ಬಿಯನ್ನು ಅಲ್ಲಿಯೇ ಖಾಲಿ ಮಾಡಿಸಿದರು. ಮಾಮಾನನ್ನು ಎರಡು ದಿನ ದವಾಖಾನೆಯಲ್ಲೇ ಇಟ್ಟುಕೊಂಡರು. ಸ್ಕ್ಯಾನ್‌ನಲ್ಲಿ ತಲೆ ಸ್ವಚ್ಛ. ಆಮೇಲೆ ಬೀಗ ಹಾಕಿದ ಕಪಾಟು ತೆಗೆದು ಮಾರ್ಫಿನ್ ಗುಳಿಗೆ ಕೊಟ್ಟರು, ಮಾಮಿಯ ಸಹಿ ತೆಗೆದುಕೊಂಡರು. ಮಾಮಿ ಆ ಗುಳಿಗೆಯ ಪಟ್ಟಿಯನ್ನು ಹೊರಳಿಸಿ ಹೊರಳಿಸಿ ನೋಡಿದಳು.

‘ಬಾಯೀ, ಈ ಗುಳಿಗಿ ನಾಕು ತಿಂಗಳ ಹಿಂದೂ ಇತ್ತೇನ್ರಿ?’

‘ಇತ್ತು ಆಯೀ.’

ಮಾಮಿ ಗುಳಿಗೆಯನ್ನು ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು.

ಮಾಮಾ ಗುಣವಾಗಿಲ್ಲ, ಆಗುವುದೂ ಇಲ್ಲ. ಅದು ಅವನಿಗೂ ಗೊತ್ತು. ಆದರೆ ಈಗ ಮಲಗುತ್ತಾನೆ. ಗುಳಿಗೆಯಿಂದ ಮಲಬದ್ಧತೆ ಇದೆ, ಅದಕ್ಕೊಂದು ಔಷಧ ಇದೆ. ಕಳೆದ ಭಾನುವಾರ ತೋಟದ ಅಂಚಿನಲ್ಲಿ ಖುರ್ಚಿ ಹಾಕಿಸಿಕೊಂಡು ಆಳುಗಳನ್ನು ಬೈಯುತ್ತಿದ್ದ. ಮಾಮಿ ಖುಷಿಯಿಂದ ನನಗೆ ಫೋನಿನಲ್ಲಿ ಆ ಬೈಗುಳ ಕೇಳಿಸಿದಳು!

ಗಾಂಜಾ ಅಮೃತವೋ ವಿಷವೋ ಅಂತ ಟೀವಿಯಲ್ಲಿ ಕೂಗಾಡುವವರು ಕೂಗಾಡಲಿ. ತಿಳಿದವರು ಪರೀಕ್ಷೆ ಮಾಡಲಿ, ಕೆಲಸಕ್ಕೆ ಬರುವುದಾದರೆ ಅಳೆದು, ಡಾಕ್ಟರ ಕೈಯಿಂದಲೇ ಕೊಡಲಿ. ನನಗೆ ಅರ್ಥವಾಗದೇ ಉಳಿದದ್ದು ಒಂದೇ.

ಗಂಡ ಒಂದು ರಾತ್ರಿ ನೆಮ್ಮದಿಯಾಗಿ ಮಲಗಲಿ ಅಂತ ಬಯಸಿದ ಹೆಂಗಸು ಎಷ್ಟು ಜನಕ್ಕೆ ಹೆದರಬೇಕು?