ವಿಧಾನಸಭೆ ಹೊಗಳಿದ ಕಾಲೇಜಿನ ಏಸಿ ಮೇಷ್ಟ್ರು

ಸುಬ್ರಾಯರಿಗೆ ಮನುಷ್ಯರಿಗಿಂತ ಕಂಪ್ರೆಸರ್‌ಗಳ ಮೇಲೆ ಗೌರವ ಹೆಚ್ಚು. ಕೆಟ್ಟುಹೋದರೆ ಅದು ಭಾಷಣ ಮಾಡುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ ಎನ್ನುತ್ತಿದ್ದರು. ಕುಂದಾಪುರದ ಕಡೆಯವರು. ಇಪ್ಪತ್ತೆಂಟು ವರ್ಷದ ಹಿಂದೆ ಮಲೇಷ್ಯಾದ ಕ್ಲಾಂಗ್ ಬಂದರಿಗೆ ಬಂದು ಮೀನು, ಮಾಂಸ ತುಂಬಿದ ಶೀತಲ ಕಂಟೇನರ್‌ಗಳನ್ನು ರಿಪೇರಿ ಮಾಡುತ್ತಿದ್ದರು. ಬೆನ್ನು ನೋವು ಶುರುವಾದ ಮೇಲೆ ಹತ್ತಿರದ ಸರ್ಕಾರಿ ಸಮುದಾಯ ಕಾಲೇಜಿಗೆ ಏಸಿ ರಿಪೇರಿ ಕಲಿಸಲು ಸೇರಿಕೊಂಡರು. ಹದಿನೇಳು ವರ್ಷ ಕಳೆದರೂ ಕೆಲಸ ಗುತ್ತಿಗೆಯದೇ. ಪ್ರತಿ ಡಿಸೆಂಬರಿನಲ್ಲಿ ನಿರ್ದೇಶಕರ ಕೋಣೆಯ ಹೊರಗೆ ಕಾದು ಕೂತು ಸಹಿ ಹಾಕಿಸಿಕೊಂಡು ಬರಬೇಕು.

ಕಾಲೇಜಿಗೆ ಇಪ್ಪತ್ತು ತುಂಬಿದ ವರ್ಷ, ರಾಜ್ಯದ ವಿಧಾನಸಭೆ ಅದಕ್ಕೆ ಅಭಿನಂದನಾ ನಿರ್ಣಯ ಮಾಡುವುದೆಂದಾಯಿತು. ನಿರ್ದೇಶಕರು ಸುಬ್ರಾಯರನ್ನು ಕರೆಸಿದರು.

"ನೀವೂ ಬರಬೇಕು ಮಿಸ್ಟರ್ ಸುಬ್ರಾಯ. ಫೋಟೋದಲ್ಲಿ ಒಬ್ಬ ಇಂಡಿಯನ್ ಇರ್ಲಿ ಅಂತ ಮೇಲಿಂದ ಹೇಳಿದಾರೆ. ಬಾಟಿಕ್ ಶರ್ಟ್ ಹಾಕ್ಕೊಂಡು ಬನ್ನಿ."

ವರ್ಕ್‌ಶಾಪಿನ ನಾಲ್ಕು ಯಂತ್ರಗಳಲ್ಲಿ ಮೂರು ನಿಂತು ಎರಡು ವರ್ಷವಾಯಿತೆಂದು ಸುಬ್ರಾಯರು ಬರೆದಿದ್ದ ಪತ್ರದ ಬಗ್ಗೆ ಒಂದು ಮಾತಿಲ್ಲ.

"ಎಂತ ಮುಖ ಅದು? ಮರ್ಯಾದೆ ಮಾಡ್ಲಿಕ್ಕೆ ಕರ್ದದ್ದಲ್ವಾ?" ಎಂದಳು ಹೆಂಡತಿ ಸುಗಂಧಿ, ಶರ್ಟಿಗೆ ಇಸ್ತ್ರಿ ಹಾಕುತ್ತ.

"ಮರ್ಯಾದೆ ಅಲ್ಲ ಮಾರಾಯ್ತಿ, ಬಣ್ಣ. ಅವರಿಗೆ ಬೇಕಾದ್ದು ನನ್ನ ಚರ್ಮದ ಬಣ್ಣ."

ಸಭೆಯ ದಿನ ಕಾಲೇಜಿನ ಐವರು ಪ್ರೇಕ್ಷಕರ ಗ್ಯಾಲರಿಯಲ್ಲಿ ಸಾಲಾಗಿ ಕೂತರು. ಕೆಳಗೆ ಅರ್ಧ ಕುರ್ಚಿಗಳು ಖಾಲಿ. ತುಂಬಿದ ಕುರ್ಚಿಗಳಲ್ಲಿ ಒಬ್ಬರು ತೂಕಡಿಸುತ್ತಿದ್ದರು, ಇನ್ನಿಬ್ಬರು ಒಂದೇ ಫೋನಿಗೆ ತಲೆ ಬಗ್ಗಿಸಿ ಏನನ್ನೋ ನೋಡಿ ನಗುತ್ತಿದ್ದರು. ನಿರ್ಣಯ ಮಂಡಿಸಿದ ಸದಸ್ಯರು ಹಾಳೆ ನೋಡಿ ಓದಿದರು. ಕಾಲೇಜಿನ ಹೆಸರನ್ನೇ ಎರಡು ಸಲ ತಪ್ಪಾಗಿ ಓದಿದರು. ಅಲ್ಲಿನ ರೋಬೋಟ್ ಪ್ರಯೋಗಾಲಯ ಇಡೀ ರಾಜ್ಯಕ್ಕೆ ಮಾದರಿ ಎಂದರು. ಆ ಕೋಣೆಯಲ್ಲಿದ್ದದ್ದು ಮುರಿದ ಮೇಜುಗಳು ಮಾತ್ರ. ಅಲ್ಲಿ ಕಲಿತವರು ಈ ನಾಡಿನ ರತ್ನಗಳು ಎಂದರು. ಮೇಜು ಕುಟ್ಟಿದ ಸದ್ದಿಗೆ ತೂಕಡಿಸುತ್ತಿದ್ದವರೂ ಎಚ್ಚೆತ್ತು ಕುಟ್ಟಿದರು.

ಅಷ್ಟರಲ್ಲಿ ಗ್ಯಾಲರಿಯ ಮೂಲೆಯಲ್ಲಿ ಏಸಿಯಿಂದ ನೀರು ತೊಟ್ಟಿಕ್ಕತೊಡಗಿತು. ನೀರು ಹೋಗುವ ಕೊಳವೆ ಕಟ್ಟಿದೆ ಎಂದು ಸುಬ್ರಾಯರಿಗೆ ಕೂತಲ್ಲೇ ಗೊತ್ತಾಯಿತು. ಹಿಂದಿನ ಬಾಗಿಲಿನಿಂದ ಏಣಿ ಹೊತ್ತು ಒಬ್ಬ ಒಳಗೆ ಬಂದ. ಸಮವಸ್ತ್ರದ ಸಿಬ್ಬಂದಿಯೊಬ್ಬ ಅವನ ಭುಜ ಹಿಡಿದು ತಡೆದ.

"ಈಗ ಬೇಡ. ಅತಿಥಿಗಳು ಕೂತಿದಾರೆ, ಕಾಣಿಸ್ತದೆ. ಕರ್ಟನ್ ಹಿಂದೆ ನಿಲ್ಲು."

ಏಣಿಯವನು ಕಾರ್ತಿಕೇಯ. ಸುಬ್ರಾಯರ ಎರಡನೇ ಬ್ಯಾಚಿನ ಶಿಷ್ಯ. ಈಗ ನಲವತ್ತರ ಹತ್ತಿರ, ಎರಡು ಮಕ್ಕಳ ತಂದೆ. ಕೆಳಗೆ ರತ್ನಗಳ ಮಾತು ಇನ್ನೂ ನಡೆದಿತ್ತು. ಸುಬ್ರಾಯರು ಎದ್ದರು. ನಿರ್ದೇಶಕರು ಕಣ್ಣು ಕೆಕ್ಕರಿಸಿದ್ದನ್ನು ಲೆಕ್ಕಕ್ಕಿಡದೆ ಕರ್ಟನ್ ಹಿಂದೆ ಹೋದರು.

"ಸಾರ್, ನೀವಾ?" ಕಾರ್ತಿಕೇಯ ಪಿಸುಗುಟ್ಟಿದ. "ಇಲ್ಲಿ ಏಳು ವರ್ಷ ಆಯ್ತು ಸಾರ್. ಗುತ್ತಿಗೆ ಕಂಪನಿ ಮಾತ್ರ ಮೂರು ಸಲ ಬದಲಾಯ್ತು. ಪರ್ಮನೆಂಟ್ ಎಲ್ಲ ನಮಗೆ ಎಲ್ಲಿ ಸಾರ್."

"ಏಣಿ ಆ ಕಡೆಯಿಂದ ಇಡು. ನಾನು ಹಿಡ್ಕೊಳ್ತೇನೆ."

ಗೋಡೆಯ ಆಚೆ ಬದಿಯ ಕಿರಿದಾದ ಓಣಿಯಿಂದ ಕೊಳವೆ ಬಿಚ್ಚಿ ಕೊಳೆ ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಟಿಕ್ ಶರ್ಟಿನ ಮೇಲೆ ಕಪ್ಪು ನೀರು ಸುರಿಯಿತು. ಮಧ್ಯೆ ನಿರ್ದೇಶಕರ ಫೋನು.

"ಎಲ್ಲಿದೀರಿ? ಫೋಟೋಗೆ ಎಲ್ಲರೂ ನಿಂತಿದಾರೆ."

"ಬೇರೆ ಇಂಡಿಯನ್ ಹುಡುಕಿಕೊಳ್ಳಿ ಸರ್," ಎಂದು ಸುಬ್ರಾಯರು ಫೋನಿಟ್ಟರು.

ಹುಡುಕಿಕೊಂಡರು. ಕಾಲೇಜಿನ ವ್ಯಾನ್ ಚಾಲಕ ರಾಧಾಕೃಷ್ಣನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು. ಪತ್ರಿಕೆಯಲ್ಲಿ ಅವನ ಚಿತ್ರದ ಕೆಳಗೆ 'ಹಿರಿಯ ಬೋಧಕ ಸುಬ್ರಾಯ' ಎಂದೇ ಬಂತು. ಯಾರೂ ತಿದ್ದಲಿಲ್ಲ. ರಾಧಾಕೃಷ್ಣನೊಬ್ಬ ಬಂದು ಸಂಕೋಚದಿಂದ ಕ್ಷಮೆ ಕೇಳಿದ. ಆ ಗುಂಪಿನಲ್ಲಿ ನಾಚಿಕೆ ಇದ್ದದ್ದು ಇವನಿಗೊಬ್ಬನಿಗೇ ಎಂದುಕೊಂಡ ಸುಬ್ರಾಯರು ಅವನಿಗೆ ಮಾಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಚಹಾ ಕುಡಿಸಿದರು.

ಮರುವಾರ ನಿರ್ದೇಶಕರ ಮೇಜಿನ ಮೇಲೆ ಚಿನ್ನದ ಅಂಚಿನ ನಿರ್ಣಯಪತ್ರ ಚೌಕಟ್ಟು ಹಾಕಿಸಿಕೊಂಡು ಕೂತಿತ್ತು. ಸುಬ್ರಾಯರು ಅದರ ಪಕ್ಕದಲ್ಲಿ ಒಂದು ಅರ್ಜಿ ಇಟ್ಟರು: ಶನಿವಾರದ ತರಗತಿಗೆ ಎರಡನೇ ಬೋಧಕನಾಗಿ ಕಾರ್ತಿಕೇಯ.

"ಅವನಿಗೆ ನಮ್ಮ ಸರ್ಟಿಫಿಕೇಟ್ ಬಿಟ್ಟು ಬೇರೇನಿದೆ?"

"ನಮ್ಮ ಸರ್ಟಿಫಿಕೇಟ್ ಇರೋರು ರತ್ನಗಳು ಅಂತ ಇದರಲ್ಲೇ ಬರ್ದಿದಾರಲ್ಲ ಸರ್. ಸುಳ್ಳಾದರೆ ಹೇಳಿ. ಕಾಲೇಜಿನವರೇ ಒಪ್ಪೋದಿಲ್ಲ ಅಂತ ಸಭಾಧ್ಯಕ್ಷರಿಗೆ ಪತ್ರ ಹಾಕ್ತೇನೆ."

ನಿರ್ದೇಶಕರು ಚೌಕಟ್ಟನ್ನೊಮ್ಮೆ, ಸುಬ್ರಾಯರನ್ನೊಮ್ಮೆ ನೋಡಿ ಸಹಿ ಹಾಕಿದರು. ಯಂತ್ರಗಳ ಪತ್ರ ಮಾತ್ರ ಹಾಗೇ ಉಳಿಯಿತು.

ಮೊದಲ ಶನಿವಾರ ಸುಬ್ರಾಯರು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಹುಡುಕಲು ತಯಾರಾದರು. ಕಾರ್ತಿಕೇಯ ಬೋರ್ಡಿಗೇ ಮುಖ ಮಾಡಿ ಬರೆಯುತ್ತ ಶುರುಮಾಡಿದವನು, ಅರ್ಧ ಗಂಟೆಯೊಳಗೆ ಹದಿನಾಲ್ಕು ಜನರನ್ನೂ ಓಡುತ್ತಿದ್ದ ಆ ಒಂದೇ ಯಂತ್ರದ ಸುತ್ತ ನಿಲ್ಲಿಸಿಕೊಂಡಿದ್ದ. ತರಗತಿ ಮುಗಿದ ಮೇಲೆ, "ಹೇಗಿತ್ತು ಸಾರ್?" ಎಂದು ಕೇಳಿದ.

"ಬೋರ್ಡ್ ಮೇಲಿನ ಅಕ್ಷರ ದರಿದ್ರ," ಎಂದರು ಸುಬ್ರಾಯರು. "ಮುಂದಿನ ವಾರ ನಾನು ತಡವಾಗಿ ಬರ್ತೇನೆ. ನೀನೇ ಶುರು ಮಾಡು."